ನಾಟಕಕ್ಕಿಂತ ಮೊದಲು ಮಾರ್ಕ್ಸ್ ಕಾರ್ಡ್: ಯುವಜನೋತ್ಸವಕ್ಕೆ ಹೋಗಿಬಂದ ಕಥೆ

ಕಳೆದ ವಾರ ನಮ್ಮ ನಾಟಕದ ಬಿಲ್ಲಿನ ದುಡ್ಡು ಖಾತೆಗೆ ಬಂತು. ನಾಟಕ ಆಡಿ ಏಳು ತಿಂಗಳಾಗಿದೆ. ದುಡ್ಡು ಬಂದ ದಿನವೇ ಇದನ್ನು ಬರೆಯಬೇಕು ಅಂತ ಅಂದುಕೊಂಡೆ. ಯಾಕಂದ್ರೆ ಈ ವರ್ಷದ ನೋಟಿಸ್ ಆಗಲೇ ವಿಭಾಗದ ಬೋರ್ಡಿಗೆ ಬಿದ್ದಿದೆ. ಅದೇ ನಾಲ್ಕು ಸಾಲು: ಯುವಜನೋತ್ಸವ, ಆಸಕ್ತರು ಹೆಸರು ಕೊಡಿ, ಕೊನೆಯ ದಿನಾಂಕ ಇಂತಿಂಥದ್ದು. ನಾವೂ ಅದನ್ನೇ ನಂಬಿ ಹೆಸರು ಕೊಟ್ಟವರು. ಆ ನಾಲ್ಕು ಸಾಲಿನ ಹಿಂದೆ ಎಷ್ಟು ಕೆಲಸ ಇದೆ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಸೇರಿ ಒಂದು ಸಂಘ ಇದೆ, ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಶುರುವಾಗಿದ್ದು, 1973ರಿಂದ ಈಗಿನ ಹೆಸರು. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ನಡೆಯುವುದು ಇದರ ಮೂಲಕ. ಸಂಗೀತ, ನೃತ್ಯ, ರಂಗಭೂಮಿ, ಸಾಹಿತ್ಯ, ಲಲಿತಕಲೆ ಹೀಗೆ ಐದು ವಿಭಾಗ. ಮೊದಲು ನಿಮ್ಮ ವಿಶ್ವವಿದ್ಯಾಲಯದ ಒಳಗೆ ಕಾಲೇಜುಗಳ ನಡುವೆ ಸ್ಪರ್ಧೆ. ಅಲ್ಲಿ ಗೆದ್ದವರು ವಲಯ ಮಟ್ಟಕ್ಕೆ, ಅಲ್ಲೂ ಗೆದ್ದರೆ ರಾಷ್ಟ್ರಮಟ್ಟಕ್ಕೆ. 2023ರ ಫೆಬ್ರವರಿಯಲ್ಲಿ ರಾಷ್ಟ್ರಮಟ್ಟದ್ದು ಬೆಂಗಳೂರಲ್ಲೇ ನಡೆದಿತ್ತು. ನಾನು ಏಕಾಂಕ ನಾಟಕದ ತಂಡದಲ್ಲಿದ್ದೆ. ನಟನೆ ನನ್ನದಲ್ಲ. ಕೊಳಲು ನುಡಿಸುವುದು, ಜೊತೆಗೆ ತಂಡದ ಕಾಗದಪತ್ರ ನೋಡಿಕೊಳ್ಳುವುದು. ಎರಡನೇ ಕೆಲಸ ಮೊದಲನೆಯದಕ್ಕಿಂತ ಎಷ್ಟು ದೊಡ್ಡದು ಅಂತ ಒಪ್ಪಿಕೊಂಡಾಗ ಗೊತ್ತಿರಲಿಲ್ಲ.

2024ರ ಆಗಸ್ಟ್‌ನಲ್ಲಿ ನೋಟಿಸ್ ಬಂತು. ಒಂದೇ ವಾರದಲ್ಲಿ ವಿಭಾಗದ ಕೊನೆಯ ಕ್ಲಾಸ್‌ರೂಮಿನಲ್ಲಿ ಆಡಿಷನ್ ಮಾಡಿದೆವು. ಹದಿನೇಳು ಜನ ಬಂದಿದ್ದರು. ಯಾರ ದನಿ ಹೇಗಿದೆ, ಯಾರು ನಿಂತರೆ ಎಲ್ಲರ ಕಣ್ಣು ಅವರ ಕಡೆಗೇ ಹೋಗುತ್ತದೆ ಅಂತ ನೋಡಿದೆವು. ಯಾರ ಹತ್ತಿರವೂ ಒಂದು ಕಾಗದ ಕೇಳಲಿಲ್ಲ. ನಮ್ಮ ಮೊದಲ ತಪ್ಪು ಇದೇ.

ಮುಖ್ಯ ಪಾತ್ರಕ್ಕೆ ಯಾರು ಅನ್ನುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಕ್ಲಾಸಿನ ಹಿರಿಯ, ಎಲ್ಲರೂ ಅವನನ್ನು ದೊಡ್ಡಣ್ಣ ಅಂತಲೇ ಕರೆಯುವುದು. ಪದವಿ ಮುಗಿಸಿ ಮೂರು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ದುಡ್ಡು ಕೂಡಿಸಿಕೊಂಡು ಎಂಎ ಓದಲು ಬಂದವನು. ತುಮಕೂರು ಕಡೆಯ ಹಳ್ಳಿ. ನಾವು ಆರಿಸಿಕೊಂಡ ಕಥೆಯಲ್ಲಿ ಬರುವುದು ಒಬ್ಬ ನೀರುಗಂಟಿ. ಕೆರೆಯ ತೂಬು ಎತ್ತಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ದೊಡ್ಡಣ್ಣನ ತಾತ ನಿಜವಾಗಿಯೂ ನೀರುಗಂಟಿ ಆಗಿದ್ದವರು. ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗುದ್ದಲಿ ಊರಿ ನಿಂತರೆ ಸಾಕು, ರೂಮಿನಲ್ಲಿ ಮಾತು ನಿಲ್ಲುತ್ತಿತ್ತು.

ಕಥೆ ಹಿರಿಯ ಲೇಖಕರೊಬ್ಬರದು. ಅವರು ಈಗಿಲ್ಲ. ಲೇಖಕರೇ ಇಲ್ಲದ ಮೇಲೆ ಅನುಮತಿ ಯಾಕೆ ಅಂತ ನಮ್ಮಲ್ಲೇ ಕೆಲವರು ಕೇಳಿದರು. ನಮ್ಮ ಗೈಡ್ ಮೇಡಂ ಬಿಡಿಸಿ ಹೇಳಿದರು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ವಾರಸುದಾರರಲ್ಲಿ ಇರುತ್ತದೆ. ಕಾಲೇಜಿನ ಒಳಗೆ ವಿದ್ಯಾರ್ಥಿಗಳೇ ಆಡಿ, ವಿದ್ಯಾರ್ಥಿಗಳು, ಮೇಷ್ಟ್ರುಗಳು, ಪೋಷಕರು ಅಷ್ಟೇ ನೋಡುವ ನಾಟಕಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ನಮ್ಮದು ಕಥೆಯನ್ನು ನಾಟಕ ಮಾಡಿಕೊಳ್ಳುವ ಕೆಲಸ. ಮೇಲಾಗಿ ಹೊರಗಿನ ಜನ ನೋಡುವ ಉತ್ಸವ. ಕೇಳಿಬಿಡುವುದೇ ಸರಿ ಅಂದರು.

ಲೇಖಕರ ಮಗಳ ವಿಳಾಸ ಹುಡುಕಿ, ಪತ್ರ ಬರೆದು, ಫೋನ್ ಮಾಡಿ, ಕೊನೆಗೆ ಮನೆಗೇ ಹೋದೆವು. ಒಟ್ಟು 19 ದಿನ ಹಿಡಿಯಿತು. ಅವರು ಕಾಫಿ ಕೊಟ್ಟು, ನಾವು ಬರೆದ ರಂಗರೂಪವನ್ನು ನಮ್ಮ ಮುಂದೆಯೇ ಪೂರ್ತಿ ಓದಿದರು. ಆಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಸಹಿ ಹಾಕಿದರು. ದುಡ್ಡು ಕೇಳಲಿಲ್ಲ. ಒಂದೇ ಷರತ್ತು. "ನೋಡಮ್ಮ, ಅಪ್ಪ ನೀರುಗಂಟಿ ಬಾಯಲ್ಲಿ ಆಡಿಸಿರೋ ಮಾತು ಹಂಗೇ ಇರಲಿ. ಒಂದಕ್ಷರ ಬದಲಿಸಬೇಡಿ" ಅಂದರು. ಆಗ ನಾವು ಖುಷಿಯಿಂದ ಒಪ್ಪಿಕೊಂಡೆವು. ಆ ಷರತ್ತು ಮುಂದೆ ನಮ್ಮನ್ನು ಎಷ್ಟು ಕಾಡುತ್ತದೆ ಅಂತ ಗೊತ್ತಿರಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ತಾಲೀಮು ಶುರು. ಇಲ್ಲಿ ಹುಡುಗಿಯರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಲೇಡೀಸ್ ಹಾಸ್ಟೆಲ್ ಗೇಟು ರಾತ್ರಿ ಎಂಟೂವರೆಗೆ ಮುಚ್ಚುತ್ತದೆ. ಕ್ಲಾಸು, ಲೈಬ್ರರಿ ಮುಗಿದು ಎಲ್ಲರೂ ಸೇರುವಷ್ಟರಲ್ಲಿ ಆರು ಗಂಟೆ. ಏಕಾಂಕ ಒಂದು ಸಲ ಪೂರ್ತಿ ಓಡಿಸಿ, ತಪ್ಪು ಹೇಳಿ, ಮತ್ತೆ ಓಡಿಸಲು ಎರಡೂವರೆ ಗಂಟೆ ಎಲ್ಲಿ ಸಾಲುತ್ತದೆ? ಮೊದಲ ವಾರ ನಾವು ನಾಲ್ಕು ಹುಡುಗಿಯರು ದಿನಾ ಗುದ್ದಾಟದ ದೃಶ್ಯದ ಮಧ್ಯದಲ್ಲೇ ಎದ್ದು ಓಡುತ್ತಿದ್ದೆವು. ಒಂದು ದಿನ ಹತ್ತು ನಿಮಿಷ ತಡವಾಗಿ ಗೇಟಿನ ಹೊರಗೆ ನಿಂತು ಕಣ್ಣಲ್ಲಿ ನೀರು ಬಂತು. ವಾರ್ಡನ್‌ಗೆ ಬಾಯಿಮಾತಲ್ಲಿ ಹೇಳಿದರೆ ಆಗುವುದಿಲ್ಲ. ವಿಭಾಗದ ಮುಖ್ಯಸ್ಥರ ಸಹಿ ಇರುವ ಪತ್ರ ಬೇಕು. ಅದರಲ್ಲಿ ಹುಡುಗಿಯರ ಹೆಸರು, ರೂಮ್ ನಂಬರ್, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಗಂಟೆವರೆಗೆ, ವಾಪಸ್ ಕರೆತಂದು ಬಿಡುವವರು ಯಾರು, ಎಲ್ಲ ಇರಬೇಕು. ಜೊತೆಗೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಇಷ್ಟು ಕೊಟ್ಟ ಮೇಲೆ ಒಂಬತ್ತೂವರೆವರೆಗೆ ಬಿಟ್ಟರು. ತಾಲೀಮು ಶುರುವಾಗುವ ಮೊದಲೇ ಈ ಪತ್ರ ಮಾಡಿಸಿಕೊಳ್ಳಿ. ನಮಗೆ ಒಂದು ವಾರ ಸುಮ್ನೆ ಹೋಯಿತು.

ಹಾಗೇ ಹಾಜರಿ. ಪರೀಕ್ಷೆಗೆ ಕೂರಲು 75% ಹಾಜರಿ ಬೇಕಲ್ವಾ? ಉತ್ಸವದ ದಿನಗಳಿಗೆ ಓಡಿ, ಅಂದರೆ ಆನ್ ಡ್ಯೂಟಿ ಹಾಜರಿ ಸಿಗುತ್ತದೆ. ಆದರೆ ತಾನಾಗಿಯೇ ಸಿಗುವುದಿಲ್ಲ. ಹೋಗುವ ಮೊದಲೇ ಅರ್ಜಿ ಕೊಟ್ಟು, ಕಚೇರಿಯ ಟಪಾಲು ವಿಭಾಗದಲ್ಲಿ ಇನ್ವರ್ಡ್ (ಸ್ವೀಕೃತಿ) ನಂಬರ್ ಹಾಕಿಸಿ, ಆ ನಂಬರ್ ಬಿದ್ದ ಪ್ರತಿಯೊಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಮ್ಮಲ್ಲಿ ಇಬ್ಬರು ಬಂದ ಮೇಲೆ ಕೊಟ್ಟರಾಯಿತು ಅಂತ ಬಿಟ್ಟರು. ಇಂಟರ್ನಲ್ಸ್ ಹೊತ್ತಿಗೆ ತುಂಬಾ ಒದ್ದಾಡಿದರು.

ಈಗ ಆ ದಿನಕ್ಕೆ ಬರುತ್ತೇನೆ. ಅಕ್ಟೋಬರ್ 17. ದಸರಾ ರಜೆ ಮುಗಿಸಿ ಬಂದ ವಾರ. ಯುವಜನೋತ್ಸವ ನವೆಂಬರ್ 7ಕ್ಕೆ. ಅರ್ಹತಾ ಪತ್ರ ತುಂಬಿ ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕೆ ಕೊಡಬೇಕಿತ್ತು. ಒಬ್ಬೊಬ್ಬರದೂ ಒಂದು ಹಾಳೆ: ಫೋಟೋ, ಹೆಸರು, ತಂದೆ ಹೆಸರು, ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ, ಮುಖ್ಯಸ್ಥರ ಸಹಿ ಮೊಹರು. ಹಿಂದೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಐಡಿ ಕಾರ್ಡ್, ಫೀ ಕಟ್ಟಿದ ರಸೀದಿಯ ಜೆರಾಕ್ಸ್. ನಾನು ಒಂಬತ್ತೂ ಜನರದ್ದು ಜೋಡಿಸಿ, ಪಿನ್ ಹೊಡೆದು, ಬೆಳಿಗ್ಗೆ ಹತ್ತೂವರೆಗೆ ಕೌಂಟರಿನ ಮುಂದೆ ನಿಂತೆ.

ಕೇಸ್ ವರ್ಕರ್ ಸರ್ ಒಂದೊಂದೇ ತಿರುವಿ ನೋಡಿದರು. ಐದನೆಯದರಲ್ಲಿ ಬೆರಳು ನಿಂತಿತು. ದೊಡ್ಡಣ್ಣನ ಮಾರ್ಕ್ಸ್ ಕಾರ್ಡ್. ಲ್ಯಾಮಿನೇಷನ್ ಮಾಡಿಸಿದ್ದ ಮೂಲ ಪ್ರತಿ ಮಡಿಕೆಯಲ್ಲಿ ಬಿಳಿಚಿಕೊಂಡಿತ್ತು. ಜೆರಾಕ್ಸಿನಲ್ಲಿ ಆ ಮಡಿಕೆ ಒಂದು ಕಪ್ಪು ಗೆರೆಯಾಗಿ ಬಂದಿತ್ತು. ಸರಿಯಾಗಿ ಆ ಗೆರೆಯ ಕೆಳಗೆ ಇತ್ತು: 01-06-1999.

"ಈ ಹುಡುಗನಿಗೆ ಆಗಲ್ಲಮ್ಮ" ಅಂದರು.

ನಿಯಮ ಇಷ್ಟೇ. ಆ ವರ್ಷದ ಜುಲೈ 1ಕ್ಕೆ 25 ವರ್ಷ ತುಂಬಿರಬಾರದು. ಅಂದರೆ ನಮಗೆ 1999ರ ಜುಲೈ 1ರ ನಂತರ ಹುಟ್ಟಿರಬೇಕಿತ್ತು. ದೊಡ್ಡಣ್ಣನಿಗೆ ಒಂದು ತಿಂಗಳು ಜಾಸ್ತಿ.

ಆದರೆ ಅವನು ಹುಟ್ಟಿದ್ದು ಜೂನ್ 1ಕ್ಕೆ ಅಲ್ಲ. ದೀಪಾವಳಿ ಹತ್ತಿರ, ಅಕ್ಟೋಬರ್ ಕೊನೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಇದು ಹೊಸದಲ್ಲ. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದಿದ್ದರೆ ಮೇಷ್ಟ್ರು ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ಮಗು ಒಂದು ವರ್ಷ ಮನೆಯಲ್ಲಿ ಕೂರದೆ ಶಾಲೆಗೆ ಬರಲಿ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದು. ನಮ್ಮ ಕ್ಲಾಸಿನಲ್ಲೇ ಜೂನ್ 1ರ ಹುಟ್ಟುಹಬ್ಬದವರು ಏಳು ಜನ ಇದ್ದಾರೆ. ನನ್ನ ಅಪ್ಪನದೂ ಜೂನ್ 1. ನಿಜವಾದ ದಿನಾಂಕ ಲೆಕ್ಕಕ್ಕೆ ಬಂದಿದ್ದರೆ ದೊಡ್ಡಣ್ಣನಿಗೆ ಆಗ ಇನ್ನೂ 24.

ಮಧ್ಯಾಹ್ನ ಅವನನ್ನೇ ಕರೆದುಕೊಂಡು ಮತ್ತೆ ಹೋದೆ. ಆಸ್ಪತ್ರೆ ಚೀಟಿ ಇದೆಯಾ, ಜನನ ಪ್ರಮಾಣಪತ್ರ ಇದೆಯಾ ಅಂತ ಕೇಳಿದರು. ಮನೆಯಲ್ಲೇ ಹೆರಿಗೆ ಆಗಿದ್ದು, ಯಾವುದೂ ಇಲ್ಲ. ಇದ್ದಿದ್ದರೂ ಅರ್ಹತಾ ಪತ್ರಕ್ಕೆ ಮಾರ್ಕ್ಸ್ ಕಾರ್ಡೇ ಆಧಾರ ಅಂದರು. ಊರಿನ ವಕೀಲರೊಬ್ಬರಿಗೆ ಫೋನ್ ಮಾಡಿ ಕೇಳಿದೆವು. ಮಾರ್ಕ್ಸ್ ಕಾರ್ಡಿನ ದಿನಾಂಕ ತಿದ್ದಿಸಲು ಕೋರ್ಟಿಗೆ ಹೋಗಬೇಕು, ಅದು ವಾರ ಹದಿನೈದು ದಿನದ ಕೆಲಸ ಅಲ್ಲ ಅಂದರು. ಸರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಪಾಪ, ಎರಡು ಸಲ ಸುತ್ತೋಲೆ ತೆಗೆದು ಓದಿ ನೋಡಿದರು. ನಿಯಮ ಅದೇ ಇತ್ತು. ಸಿಟ್ಟು ಬಂದಿದ್ದು ಆಗಸ್ಟ್‌ನಲ್ಲೇ ಆ ಸುತ್ತೋಲೆಯನ್ನು ನಮ್ಮ ಕೈಗೆ ಕೊಡದ ವ್ಯವಸ್ಥೆಯ ಮೇಲೆ. ಬೋರ್ಡಿಗೆ ನಾಲ್ಕು ಸಾಲಿನ ನೋಟಿಸ್ ಬದಲು ಸುತ್ತೋಲೆಯ ಜೆರಾಕ್ಸ್ ಅಂಟಿಸಿದ್ದರೆ ಅವನು ಎರಡು ತಿಂಗಳು ಆಸೆ ಇಟ್ಟುಕೊಳ್ಳುತ್ತಿರಲಿಲ್ಲ.

ಅವತ್ತು ಸಂಜೆ ತಾಲೀಮಿಗೆ ಎಲ್ಲರೂ ಬಂದಿದ್ದರು. ಯಾರೂ ಮಾತಾಡಲಿಲ್ಲ. ಕೈಬಿಡೋಣ ಅಂತ ಒಬ್ಬಳು ಅಂದಳು. ನನಗೂ ಹಾಗೇ ಅನ್ನಿಸಿತ್ತು. ದೊಡ್ಡಣ್ಣ ಕಂಬಳಿ ಮಡಿಸಿ ರಾಯಚೂರಿನ ಹುಡುಗನ ಕೈಗೆ ಕೊಟ್ಟ. "ನೀನು ಮಾಡು, ನಾನು ಹೇಳಿಕೊಡ್ತೀನಿ" ಅಂದ. ಆ ಹುಡುಗ ಅಲ್ಲಿಯವರೆಗೆ ಊರ ಜನರ ಗುಂಪಿನಲ್ಲಿ ಎರಡು ಮಾತು ಆಡುತ್ತಿದ್ದವನು. ದನಿ ಗಟ್ಟಿ, ಮೈಕಟ್ಟು ಚೆನ್ನಾಗಿದೆ. ಆದರೆ ನೀರುಗಂಟಿ ಅನ್ನುವ ಪದವನ್ನೇ ಅವನು ನಾಟಕಕ್ಕೆ ಬಂದ ಮೇಲೆ ಕೇಳಿದ್ದು. ಗುಂಪಿನಲ್ಲಿ ಅವನ ಜಾಗಕ್ಕೆ ಆಡಿಷನ್‌ಗೆ ಬಂದಿದ್ದ ಇನ್ನೊಬ್ಬನನ್ನು ತೆಗೆದುಕೊಂಡೆವು. ಈ ಸಲ ಮಾರ್ಕ್ಸ್ ಕಾರ್ಡ್ ನೋಡಿಯೇ.

ಉಳಿದಿದ್ದು 21 ದಿನ. ಮಧ್ಯದಲ್ಲಿ ದೀಪಾವಳಿ.

ಆಗ ಎದುರಾಯಿತು ಆ ಷರತ್ತು. ನಾಟಕದ ಮುಖ್ಯವಾದ ಮಾತು ಒಂದಿದೆ. ಬರ ಬಿದ್ದ ವರ್ಷ ಊರಿನ ದೊಡ್ಡವರು ರಾತ್ರಿ ಬಂದು ತಮ್ಮ ತೋಟಕ್ಕೆ ನೀರು ಬಿಡು ಅಂತ ಒತ್ತಾಯ ಮಾಡುತ್ತಾರೆ. ನೀರುಗಂಟಿ ಹೇಳುತ್ತಾನೆ: "ತೂಬು ಎತ್ತೋ ಕೈ ಮಾತ್ರ ನಂದು ಸ್ವಾಮಿ, ಕೆರೆ ಊರಿಂದು." ರಾಯಚೂರಿನ ಹುಡುಗನ ಬಾಯಲ್ಲಿ ಅದು "ತೂಬು ಎತ್ತೋ ಕೈ ಅಷ್ಟ ನಂದ್ರೀ, ಕೆರಿ ಊರಂದು" ಅಂತ ಬರುತ್ತಿತ್ತು. ಕೇಳಲು ಎಷ್ಟು ಚಂದ! ಹಾಗೇ ಬಿಡೋಣ ಅಂತ ಅರ್ಧ ಜನ ಅಂದರು. ಆದರೆ ಕೊಟ್ಟ ಮಾತು? ಅಕ್ಷರ ಬದಲಿಸುವುದಿಲ್ಲ ಅಂತ ಒಪ್ಪಿಕೊಂಡು ಬಂದಿದ್ದೇವೆ. ಅನುಮತಿ ಪತ್ರ ಫೈಲಿನಲ್ಲೇ ಇದೆ.

ದೊಡ್ಡಣ್ಣ ಅವನಿಗೆ ಡೈಲಾಗ್ ಹೇಳಿಕೊಡಲಿಲ್ಲ. ಮೊದಲು ಬರೀ ಮಾತಾಡಿಸಿದ. ಕ್ಯಾಂಟೀನಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬಸ್ ಕಾಯುವಾಗ, ಎಲ್ಲ ಕಡೆ ಇಬ್ಬರದೂ ತುಮಕೂರು ಮಾತೇ. ದೀಪಾವಳಿಗೆ ಹಾಸ್ಟೆಲ್ ಮೆಸ್ ನಾಲ್ಕು ದಿನ ಮುಚ್ಚಿತು. ಎಲ್ಲರೂ ಊರಿಗೆ ಹೋದರು. ಅವರಿಬ್ಬರು ಹೋಗಲಿಲ್ಲ. ಹೊರಗಿನ ಹೋಟೆಲಿನಲ್ಲಿ ಚಿತ್ರಾನ್ನ ತಿಂದುಕೊಂಡು, ಕ್ಯಾಂಪಸ್ಸಿನ ಹಿಂದಿನ ಕೆರೆಯ ಏರಿ ಮೇಲೆ ಹೋಗಿ ದಿನಾ ಕೂಗಿ ಕೂಗಿ ಅಭ್ಯಾಸ ಮಾಡಿದರು. ಒಳಗಿನ ದನಿ ಬೇರೆ, ಬಯಲಿನ ದನಿ ಬೇರೆ, ಕೆರೆ ಕಾಯುವವನು ಬಯಲಲ್ಲಿ ಮಾತಾಡಿಕೊಂಡು ಬೆಳೆದವನು ಅಂತ ದೊಡ್ಡಣ್ಣ ಹೇಳುತ್ತಿದ್ದ. ನಾವು ಹಬ್ಬ ಮುಗಿಸಿ ಬಂದು ತಾಲೀಮು ನೋಡಿದಾಗ ಹುಡುಗ "ಕೆರೆ" ಅಂದ. ಕೊನೆಯ ಎಕಾರ ಸ್ವಲ್ಪ ಎಳೆದು, ತುಮಕೂರಿನವರ ಹಾಗೇ. ನನಗೆ ಮೈ ಜುಮ್ಮೆಂದಿತು.

ತಾಲೀಮಿನ ಜಾಗದ ಬಗ್ಗೆಯೂ ಹೇಳಬೇಕು. ವೇದಿಕೆ ಮೇಲೆ ಒಂದು ಸಲವಾದರೂ ಓಡಿಸಿ ನೋಡಬೇಕು ಅಂತ ಸಭಾಂಗಣ ಕೇಳಲು ಹೋದರೆ ಒಂದು ದಿನವೂ ಖಾಲಿ ಇಲ್ಲ. ನವೆಂಬರ್ ಅಂದರೆ ರಾಜ್ಯೋತ್ಸವದ ತಿಂಗಳು. ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗೂ ಒಂದಲ್ಲ ಒಂದು ವಿಭಾಗದ ಕಾರ್ಯಕ್ರಮ. ಸೆಪ್ಟೆಂಬರ್‌ನಲ್ಲೇ ಬುಕ್ ಮಾಡಿಸಬೇಕಿತ್ತು. ಕೊನೆಗೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಕೊಡಿ ಅಂತ ಕೇಳಿಕೊಂಡೆವು, ಸಿಕ್ಕಿತು. ಆ ಹೊತ್ತನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ ನೋಡಿ. ಬಯಲು ರಂಗಮಂದಿರದಲ್ಲಿ ಮೈಕ್ ಹಾಕಿ ತಾಲೀಮು ಮಾಡುವವರು ಒಂದು ವಿಷಯ ನೆನಪಿಡಿ. ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ.

ವಿಶ್ವವಿದ್ಯಾಲಯ ಮಟ್ಟದಲ್ಲಿ ನಮ್ಮ ನಾಟಕ 29 ನಿಮಿಷ 40 ಸೆಕೆಂಡ್ ಓಡಿತು. ಮಿತಿ 30 ನಿಮಿಷ. ತಾಲೀಮಿನಲ್ಲಿ ಯಾವತ್ತೂ 27 ದಾಟಿರಲಿಲ್ಲ. ಜನ ನಕ್ಕಾಗ ನಟರು ನಿಲ್ಲಬೇಕು, ಚಪ್ಪಾಳೆ ಮುಗಿಯುವವರೆಗೆ ಕಾಯಬೇಕು, ಅದನ್ನು ನಾವು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಸೈಡ್ ವಿಂಗಿನಲ್ಲಿ ಮೊಬೈಲಿನ ಸ್ಟಾಪ್‌ವಾಚ್ ನೋಡುತ್ತಾ ನನ್ನ ಕೈ ಬೆವರಿ, ಕೊನೆಯ ದೃಶ್ಯಕ್ಕೆ ಕೊಳಲಿನ ತೂತುಗಳ ಮೇಲೆ ಬೆರಳು ಜಾರುತ್ತಿತ್ತು. ಮೊದಲ ಬಹುಮಾನ ಬಂತು. ದೊಡ್ಡಣ್ಣ ಪ್ರೇಕ್ಷಕರ ಸಾಲಿನಿಂದ ಎದ್ದು ಬಂದು ಹುಡುಗನನ್ನು ಎತ್ತಿಕೊಂಡೇ ಬಿಟ್ಟ.

ವಲಯ ಮಟ್ಟದ್ದು ಜನವರಿಯಲ್ಲಿ, ನೆರೆರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ. ಇಲ್ಲಿಂದ ಮುಂದೆ ನಿಯಮಗಳು ಇನ್ನೂ ಬಿಗಿ. ನಮಗೆ ಬಂದ ಸುತ್ತೋಲೆಯಲ್ಲಿ ಏಕಾಂಕಕ್ಕೆ ಒಟ್ಟು 9 ಜನ, ಸಂಗೀತದವರೂ ಅದರಲ್ಲೇ ಸೇರಿ. ರಂಗಸಜ್ಜಿಕೆ, ಲೈಟ್ ಹೊಂದಿಸಿಕೊಳ್ಳಲು 10 ನಿಮಿಷ. ನಾಟಕಕ್ಕೆ 3 ಗಂಟೆ ಮೊದಲೇ ಹಾಜರಿರಬೇಕು. ಸೆಟ್ಟು, ಪ್ರಾಪರ್ಟಿ (ವೇದಿಕೆ ಮೇಲೆ ಬಳಸುವ ವಸ್ತುಗಳು), ಮೇಕಪ್ ಸಾಮಾನು ನಾವೇ ಒಯ್ಯಬೇಕು. ಯಾವ ಭಾರತೀಯ ಭಾಷೆಯಲ್ಲಾದರೂ ಆಡಬಹುದು. ಆದರೆ ಪ್ರಾದೇಶಿಕ ಭಾಷೆಯದ್ದಾದರೆ ಕಥೆಯ ಸಾರಾಂಶ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಂದಣಿ ದಿನವೇ ಕೊಡಬೇಕು. ಒಂದೂವರೆ ಪುಟದ ಆ ಸಾರಾಂಶ ಬರೆಯಲು ನಾವು ಮೂರು ರಾತ್ರಿ ಕೂತಿದ್ದೇವೆ. ನೀರುಗಂಟಿಗೆ ಇಂಗ್ಲಿಷಿನಲ್ಲಿ ಏನು ಬರೆಯುವುದು? ವಾಚ್‌ಮನ್ ಅಂದರೆ ಕಾವಲುಗಾರ ಆಗಿಬಿಡುತ್ತಾನೆ. ಕಡೆಗೆ ಪದವನ್ನು ಹಾಗೇ ಇಟ್ಟು, ಅವನ ಕೆಲಸ ಏನು ಅಂತ ಮೊದಲ ಎರಡು ಸಾಲಿನಲ್ಲಿ ವಿವರಿಸಿದೆವು. ತೀರ್ಪುಗಾರರ ಕೈಯಲ್ಲಿ ಇರುವುದು ಅದೊಂದೇ ಹಾಳೆ. ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ದೊಡ್ಡಣ್ಣ ನಮ್ಮ ಜೊತೆ ಬರುವಂತಿರಲಿಲ್ಲ. ತಂಡದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಊಟ, ವಸತಿ, ಪ್ರಯಾಣ. ರಾತ್ರಿ ರೈಲಿಗೆ ಸ್ಟೇಷನ್‌ವರೆಗೆ ಬಂದು ತೂಬಿನ ಸೆಟ್ಟಿನ ಹಲಗೆಗಳನ್ನು ಸೀಟಿನ ಕೆಳಗೆ ತಳ್ಳಿಕೊಟ್ಟ. ಮೂರು ತುಂಡು ಮಾಡಿ ಬೋಲ್ಟ್ ಹಾಕುವ ಹಾಗೆ ಮಾಡಿಸಿದ್ದು ಅವನೇ. ಹತ್ತು ನಿಮಿಷದಲ್ಲಿ ಸೆಟ್ ನಿಲ್ಲಬೇಕಾದರೆ ಹೀಗೇ ಮಾಡಿಸಿ. ಮೊಳೆ ಹೊಡೆಯುತ್ತಾ ಕೂತರೆ ಆಗುವುದಿಲ್ಲ. "ಕಂಬಳಿ ಒಗೀಬೇಡ ಕಣೋ, ಆ ವಾಸನೆ ಬೇಕು ನಿಂಗೆ" ಅಂತ ಕಿಟಕಿಯಿಂದ ಹುಡುಗನಿಗೆ ಹೇಳಿದ. ರೈಲು ಹೊರಟ ಮೇಲೆ ನಾವು ಯಾರೂ ಅರ್ಧ ಗಂಟೆ ಮಾತಾಡಲಿಲ್ಲ.

ಅಲ್ಲಿ ಹೋದ ಮೇಲೆ ಗೊತ್ತಾಗಿದ್ದು: ಮೊದಲ ದಿನ ಸಾಂಸ್ಕೃತಿಕ ಮೆರವಣಿಗೆ ಇದೆ, ಪ್ರತಿ ವಿಶ್ವವಿದ್ಯಾಲಯ ತನ್ನ ಬ್ಯಾನರ್ ಹಿಡಿದು, ತನ್ನ ನಾಡಿನ ವೇಷದಲ್ಲಿ ಬರಬೇಕು. ಬೇರೆಯವರು ಅದಕ್ಕೇ ತಿಂಗಳು ತಯಾರಿ ಮಾಡಿ ಬಂದಿದ್ದರು. ನಮ್ಮಲ್ಲಿ ಇದ್ದಿದ್ದು ನಾಟಕದ ಕಂಬಳಿ, ಲಾಂದ್ರ, ಒಂದು ತಮಟೆ. ಜಾನಪದ ನೃತ್ಯದ ತಂಡ ನಮ್ಮದೇ ರೈಲಿನಲ್ಲಿ ಬಂದಿತ್ತು, ಅವರ ಹತ್ತಿರ ಇನ್ನೆರಡು ತಮಟೆ ಇದ್ದವು. ಮೂರು ತಮಟೆ ಸೇರಿ ಹೊಡೆದಾಗ ರಸ್ತೆಯ ಎರಡೂ ಕಡೆ ಜನ ಕುಣಿದರು. ಅದೊಂದು ಖುಷಿ ಈಗಲೂ ಹಾಗೇ ಇದೆ. ನೀವು ಹೋಗುವುದಾದರೆ ವಿಶ್ವವಿದ್ಯಾಲಯದ ಹೆಸರಿನ ಬ್ಯಾನರ್, ಹೊದೆಯಲು ಬೆಡ್‌ಶೀಟ್, ಅರ್ಹತಾ ಪತ್ರದ ಮೂಲ ಪ್ರತಿ, ಇನ್ನೆರಡು ಸೆಟ್ ಜೆರಾಕ್ಸ್, ಆರಾರು ಫೋಟೋ ಇಟ್ಟುಕೊಳ್ಳಿ. ನೋಂದಣಿ ಕೌಂಟರಿನಲ್ಲಿ ನಾವು ಎರಡು ಗಂಟೆ ನಿಂತಿದ್ದೆವು. ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ಮರೆತು ಬಂದ ಬೇರೆ ತಂಡದ ಹುಡುಗಿ ಮನೆಗೆ ಫೋನ್ ಮಾಡಿ ಅಳುತ್ತಿದ್ದಳು.

ನಾಟಕ ಎರಡನೇ ದಿನ ಸಂಜೆ. ಅದೇ ನಾಟಕ ಅಲ್ಲಿ 26 ನಿಮಿಷಕ್ಕೆ ಮುಗಿಯಿತು. ನಮ್ಮಲ್ಲಿ ಜನ ನಕ್ಕ ಜಾಗಗಳಲ್ಲಿ ಅಲ್ಲಿ ಯಾರೂ ನಗಲಿಲ್ಲ, ಯಾಕಂದ್ರೆ ಕನ್ನಡ ಗೊತ್ತಿದ್ದವರು ಕಡಿಮೆ. ನಟರು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋದರು. ಮೊದಲ ಹತ್ತು ನಿಮಿಷ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತಿತ್ತು. ಆದರೆ ತೂಬಿನ ದೃಶ್ಯ ಬಂದಾಗ ಸಭಾಂಗಣ ಪೂರ್ತಿ ನಿಶ್ಶಬ್ದ ಆಯಿತು. ಹುಡುಗ ಆ ಮಾತು ಹೇಳಿದ, ಒಂದಕ್ಷರ ಬದಲಿಸದೆ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು "ಆಹಾ" ಅಂದರು. ಅವರು ಕನ್ನಡದವರೇ ಇರಬೇಕು.

ಬಹುಮಾನ ಬರಲಿಲ್ಲ. ಗೆದ್ದ ತಂಡದ ನಾಟಕ ನೋಡಿದೆವು. ಅವರು ಮಾತಿಗಿಂತ ದೇಹದಲ್ಲಿ ಜಾಸ್ತಿ ಹೇಳುತ್ತಿದ್ದರು, ಭಾಷೆ ತಿಳಿಯದೆಯೂ ನಮಗೆ ಕಥೆ ಅರ್ಥವಾಯಿತು. ಹೊರಗಡೆ ಆಡುವ ನಾಟಕಕ್ಕೆ ಅದು ಬೇಕು. ನಮ್ಮದು ಮಾತಿನ ನಾಟಕ. ಆದರೂ ಬೇರೆ ನಾಟಕ ಮಾಡಬೇಕಿತ್ತು ಅಂತ ನನಗೆ ಅನ್ನಿಸಿಲ್ಲ. ಲೇಖಕರ ಮಗಳಿಗೆ ಫೋನ್ ಮಾಡಿ ಹೇಳಿದಾಗ "ಬಹುಮಾನ ಇರಲಿ, ಮಾತು ಹಂಗೇ ಇತ್ತಾ?" ಅಂತ ಕೇಳಿದರು. ಇತ್ತು ಅಂದೆ.

ಇನ್ನು ದುಡ್ಡಿನ ವಿಷಯ. ವೇಷಭೂಷಣದ ಬಾಡಿಗೆ 4,200, ಸೆಟ್ಟಿನ ಮರ, ಬೋಲ್ಟು, ಬಣ್ಣ 3,650, ಮೇಕಪ್ 1,800, ಜೆರಾಕ್ಸ್ ಮತ್ತು ಫೋಟೋ 740, ತಾಲೀಮಿನ ದಿನಗಳ ಟೀ ತಿಂಡಿ 5,110, ಆಟೋ ಟೆಂಪೋ 2,600. ಒಟ್ಟು 18,100 ರೂಪಾಯಿ. ರೈಲಿನ ಖರ್ಚು ವಿಶ್ವವಿದ್ಯಾಲಯವೇ ನೋಡಿಕೊಂಡಿತು, ಅದು ಇದರಲ್ಲಿಲ್ಲ. ನಾವು ಮುಂಗಡ ಕೇಳಲೇ ಇಲ್ಲ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಕೈಯಿಂದ ಹಾಕಿ ಆಮೇಲೆ ಬಿಲ್ ಕೊಟ್ಟೆವು. ಬಟ್ಟೆ ಬಾಡಿಗೆಯ ಅಂಗಡಿಯವರು ಕೊಟ್ಟಿದ್ದು ಕೈಬರಹದ ಚೀಟಿ, ಅದು ವಾಪಸ್ ಬಂತು. ಅಂಗಡಿಯ ಹೆಸರು, ನಂಬರ್, ಮೊಹರು ಇರುವ ಬಿಲ್ ತರಲು ಮೂರು ಸಲ ಅಲೆದೆ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಬೇಕು. ಅದಕ್ಕಾಗಿ ಫೈಲು ಒಂದು ಸಲ ವಾಪಸ್ ಬಂತು. ಅಂಚೆ ಕಚೇರಿಯಲ್ಲಿ ಸಿಗುತ್ತದೆ, ನಾಲ್ಕು ತಂದು ಇಟ್ಟುಕೊಳ್ಳಿ. ಫೈಲು ಯಾವ ಟೇಬಲ್ಲಿನಲ್ಲಿದೆ ಅಂತ ವಾರಕ್ಕೊಂದು ಸಲ ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ. ಕೇಳದಿದ್ದರೆ ಅದು ಕೂತಲ್ಲೇ ಕೂತಿರುತ್ತದೆ. ಏಳು ತಿಂಗಳ ಮೇಲೆ ಮಂಜೂರಾಗಿದ್ದು 12,000. ಟೀ ತಿಂಡಿ ಪೂರ್ತಿ ಹೋಯಿತು, ಬಿಲ್ ಇಲ್ಲದ ಆಟೋ ಬಾಡಿಗೆಯೂ ಸ್ವಲ್ಪ ಹೋಯಿತು. ಉಳಿದ 6,100 ಅನ್ನು ಹತ್ತು ಜನ ಹಂಚಿಕೊಂಡೆವು, ತಲೆಗೆ 610. ನಿನ್ನದು ಬೇಡ ಅಂದರೂ ಹತ್ತನೆಯ ಪಾಲು ದೊಡ್ಡಣ್ಣ ಕೊಟ್ಟ.

ನಾಟಕ ಅಲ್ಲದೆ ಬೇರೆ ಸ್ಪರ್ಧೆಗೆ ಹೋಗುವವರಿಗೆ ಒಂದೆರಡು ಮಾತು. ಸ್ಕಿಟ್‌ಗೆ 10 ನಿಮಿಷ, 6 ಜನ. ಮೈಮ್‌ಗೆ (ಮೂಕಾಭಿನಯ) 5 ನಿಮಿಷ, ಅಲ್ಲೂ 6 ಜನ. ಲಲಿತಕಲೆಯವರು ಬಣ್ಣ, ಬ್ರಶ್ ತಾವೇ ಒಯ್ಯಬೇಕು. ಹಾಡುವವರು ತಮ್ಮ ತಬಲಾ, ಹಾರ್ಮೋನಿಯಂ ಜೊತೆಗಾರರು ಯಾರು ಅಂತ ಮೊದಲೇ ನಿಕ್ಕಿ ಮಾಡಿಕೊಳ್ಳಿ. ಎಲ್ಲಕ್ಕಿಂತ ಮೊದಲು ಆ ವರ್ಷದ ಸುತ್ತೋಲೆಯನ್ನೇ ಕೇಳಿ ತೆಗೆದುಕೊಳ್ಳಿ. ಬೋರ್ಡಿನ ನೋಟಿಸ್ ಸಾಲುವುದಿಲ್ಲ.

ಮೊನ್ನೆ ಬುಧವಾರ ಈ ವರ್ಷದ ಆಡಿಷನ್ ಇತ್ತು, ಅದೇ ಕೊನೆಯ ಕ್ಲಾಸ್‌ರೂಮಿನಲ್ಲಿ. ಈ ಸಲ ನಾಟಕ ಮಾಡಿಸುವುದು ದೊಡ್ಡಣ್ಣ. ಕೊನೆಯ ಪರೀಕ್ಷೆ ಹತ್ತಿರ ಇದ್ದರೂ ಒಪ್ಪಿಕೊಂಡಿದ್ದಾನೆ. ಅವನು ಬಾಗಿಲ ಹತ್ತಿರ ಒಂದು ಡೆಸ್ಕ್ ಎಳೆದುಕೊಂಡು ಕೂತಿದ್ದ. ಇಪ್ಪತ್ತೆರಡು ಜನ ಜೂನಿಯರ್‌ಗಳು ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಒಬ್ಬ ಹುಡುಗನದನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದ. "ಜೂನ್ ಒಂದಾ?" ಅಂತ ಕೇಳಿದ. ಹುಡುಗ ಹೆದರಿಕೊಂಡು ಹೂಂ ಅಂದ.

"2002. ಏನೂ ತೊಂದರೆ ಇಲ್ಲ, ಒಳಗೆ ಹೋಗಪ್ಪ."